ಕಲ್ಲುಕಂಬದ ಮೇಲಿನ ಗುರುತು

ಕುಂದಲಹಳ್ಳಿ
24 ಜನವರಿ 2017

ಮುನಿಯಕ್ಕನವರಿಗೆ ಸಿದ್ರಾಮ ಮಾಡುವ ನಮಸ್ಕಾರ.

ನಿಮ್ಮ ಸೈಕಲ್ಲಿನ ಹಿಂದಿನ ಗಾಲಿ ನನ್ನ ಹತ್ತಿರವೇ ಉಳಿದಿದೆ. ದಾರಿ ನೋಡಲು ಬಂದು, ರಿಪೇರಿಗೆಂದು ಗಾಲಿ ಬಿಚ್ಚಿಕೊಂಡು ಹೋದ ಹುಡುಗ ಮಾಯವಾದ ಎಂದು ನೀವು ಅಂದುಕೊಳ್ಳಬಾರದು, ಅದಕ್ಕೆ ಈ ಕಾಗದ. ಫೋನು ಮಾಡಿದರೆ ನನ್ನ ಮಾತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ. ನೀವೇ ಅವತ್ತು ನಕ್ಕು ಹೇಳಿದಿರಲ್ಲ, “ನಂಗೆ ಕಿವಿ ಕೇಳಲ್ಲ, ನಿಂಗೆ ಬಾಯಿ ಬರಲ್ಲ, ಒಳ್ಳೆ ಜೋಡಿ ಕಣಪ್ಪ. ಏನಾದ್ರೂ ಇದ್ರೆ ಕಾಗದ ಆಕು. ನಾಕ್ನೇ ಕ್ಲಾಸು ಓದಿವ್ನಿ” ಎಂದು. ನಾನೂ ನಾಲ್ಕನೆಯ ತರಗತಿಯೇ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಭಾನುವಾರ ನಮ್ಮ ಸೈಕಲ್ಲಿನವರು ಯಾರೂ ಬರಲಿಲ್ಲ. ಗುಡ್ಡದ ಕಾಡಿನೊಳಗೆ ಸೈಕಲ್ಲು ಬಿಡುವುದಿಲ್ಲ ಎಂದು ಅರಣ್ಯದವರು ಶನಿವಾರ ಸಂಜೆ ಹೇಳಿದರಂತೆ. ಮೂವತ್ತು ಜನವೂ ಕಡೇ ಗಳಿಗೆಯಲ್ಲಿ ಹೊಸಕೋಟೆ ಕಡೆಗೆ ತಿರುಗಿಕೊಂಡರು. ನಿಮ್ಮ ಗಾಲಿ ಅವರ ವ್ಯಾನಿನಲ್ಲಿ ಬರಬೇಕಿತ್ತು. ಸೊಟ್ಟಗಾಗಿದ್ದ ರಿಮ್ಮಿನ ಬಳೆ ನೆಟ್ಟಗೆ ಮಾಡಿದ್ದೇನೆ, ಒಂಬತ್ತು ಸ್ಪೋಕ್ ಕಡ್ಡಿ ಹೊಸದು ಹಾಕಿದ್ದೇನೆ, ಗ್ರೀಸು ತುಂಬಿದ್ದೇನೆ. ಈಗ ತಿರುಗಿಸಿ ಬಿಟ್ಟರೆ ಚಹಾ ಕುಡಿದು ಮುಗಿಸುವವರೆಗೂ ತಿರುಗುತ್ತದೆ.

ಮಣ್ಣುದಾರಿಯೇ ಬೇಕು, ಜಲ್ಲಿದಾರಿಯೇ ಬೇಕು ಎಂದು ಸೈಕಲ್ಲು ಹೊಡೆಯುವವರು ಇರುತ್ತಾರೆ ಎಂದಾಗ ನೀವು ನಂಬಲಿಲ್ಲ. “ಇಪ್ಪತ್ತು ವರ್ಸದಿಂದ ಟಾರ್ ಆಕ್ರಪ್ಪಾ ಅಂತ ಅರ್ಜಿ ಕೊಡ್ತಾ ಇದೀವಿ, ನಿಮ್ಮೋರು ಮಣ್ಣು ಹುಡುಕ್ಕೊಂಡು ಬತ್ತಾರಾ?” ಎಂದಿರಿ. ನಿಜವಾಗಿಯೂ ಬರುತ್ತಾರೆ ಅಕ್ಕ. ನಮ್ಮ ಅಂಗಡಿ ಇರುವುದು ಬ್ರೂಕ್‌ಫೀಲ್ಡಿನಲ್ಲಿ. ವಾರವಿಡೀ ಕಂಪನಿಯಲ್ಲಿ ಕೂತವರು ಭಾನುವಾರ ಕಾಡು, ಗುಡ್ಡ, ದ್ರಾಕ್ಷಿ ತೋಟ ಎಂದು ಹೋಗಿ ಮೈಯೆಲ್ಲ ಧೂಳು ಮಾಡಿಕೊಂಡು ಬರುತ್ತಾರೆ. ಸೋಮವಾರ ಆ ಧೂಳು ತೊಳೆಯುವುದು ನಾನು ಮತ್ತು ಅಂಗಡಿಯಲ್ಲಿ ನನ್ನ ಜೊತೆಗಿರುವ ಬಸು.

ಇನ್ನೊಂದು ಮಾತು. ದ್ರಾಕ್ಷಿ ತೋಟದೊಳಕ್ಕೆ ಒಂದು ಗಾಲಿ ನುಗ್ಗಿದರೂ ಕುಡುಗೋಲು ತೆಗೆದುಕೊಂಡು ಬರುತ್ತೇನೆ, ಬೇರು ಮೇಲೇ ಇವೆ ಎಂದಿದ್ದಿರಿ. ನುಗ್ಗುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಶನಿವಾರ ಬೆಳಿಗ್ಗೆ ಬಂದು ಅದಕ್ಕೆ ಬೇಕಾದ ಏರ್ಪಾಡು ಮಾಡಿಯೇ ಹೋದೆ. ನೀವು ಹಣ್ಣು ತೆಗೆದುಕೊಂಡು ಪೇಟೆಗೆ ಹೋಗಿದ್ದಿರಿ. ತೋಟದ ಬಾಗಿಲು ಹಾಕಿತ್ತು.

ನಮ್ಮೂರು ಇಂಡಿ ಕಡೆ. ಅಲ್ಲಿಯೂ ದ್ರಾಕ್ಷಿ ಇದೆ. ನಮ್ಮವ್ವ ಬೇರೆಯವರ ತೋಟದಲ್ಲಿ ಹಣ್ಣು ಒಣಗಿಸಿ ಮಣೂಕ ಮಾಡುತ್ತಾಳೆ. ನಿಮ್ಮ ಚಪ್ಪರದ ಕೆಳಗೆ ಕೂತಾಗ ನನಗೆ ಅವಳ ಸೆರಗಿನ ವಾಸನೆ ಬಂದಿತು. ಇದನ್ನು ಬಾಯಲ್ಲಿ ಹೇಳಲು ಆಗಿರಲಿಲ್ಲ.

ನಿಮ್ಮ
ಸಿದ್ರಾಮ


ಚಿಕ್ಕಗುಡ್ಡೇನಹಳ್ಳಿ
ದೊಡ್ಡಬಳ್ಳಾಪುರ ತಾಲ್ಲೂಕು
5 ಫೆಬ್ರವರಿ 2017

ಸಿದ್ರಾಮನಿಗೆ ಮುನಿಯಕ್ಕನ ಆಶೀರ್ವಾದ.

ಕಾಗದ ಬಂತು. ಅಂಚೆಯವನು ಕೈಗೆ ಕೊಡುವಾಗ ಊರೆಲ್ಲ ನೋಡಿತು. ನನಗೆ ಕಾಗದ ಬಂದು ಹನ್ನೆರಡು ವರ್ಷವಾಗಿತ್ತು. ಗಾಲಿ ನಿಧಾನವಾಗಿ ತಾ. ಈಗ ಇಲ್ಲಿ ಯಾರಿಗೂ ಸೈಕಲ್ಲಿನ ಯೋಚನೆ ಇಲ್ಲ.

ನೀನು ಬಂದು ಹೋದ ಮರುದಿನ, ಭಾನುವಾರ ಬೆಳಿಗ್ಗೆ, ನಮ್ಮ ಮೈದುನ ಮುನಿಯಣ್ಣ ಹಾಲು ಹಾಕಲು ಹೋದವನು ಓಡಿಕೊಂಡು ಬಂದ. “ಅತ್ತಿಗೆ, ಸುಣ್ಣ ಬಿದ್ದದೆ!” ಎಂದ. ಹೋಗಿ ನೋಡಿದೆ. ಗುಡ್ಡದ ಬುಡದಿಂದ ನಮ್ಮ ತೋಟದವರೆಗೆ ದಾರಿಯುದ್ದಕ್ಕೂ ಬಿಳೀ ಬಾಣ. ಬಾಣದ ಪಕ್ಕ ನಂಬರು. ನಮ್ಮ ತೋಟದ ಹತ್ತಿರ 42 ಎಂದಿದೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಬಾಗಿಲ ಕಲ್ಲುಕಂಬದ ಮೇಲೆ ಎದೆಯೆತ್ತರಕ್ಕೆ ಒಂದು ಇಂಟು ಮಾರ್ಕು. ಬೇರೆ ಯಾರ ತೋಟಕ್ಕೂ ಇಂಟು ಇಲ್ಲ. ನಮ್ಮದೊಂದಕ್ಕೇ.

ನಿನಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಮೂರು ವರ್ಷದ ಹಿಂದೆ ಪಕ್ಕದ ಊರಿಗೂ ಹೀಗೇ ಸುಣ್ಣ ಬಿತ್ತು. ಅಳತೆಯವರು ಬಂದು ಗೆರೆ ಎಳೆದರು, ನಂಬರು ಬರೆದರು. ಕೆಡವಬೇಕಾದ ಮನೆ, ಮುಚ್ಚಬೇಕಾದ ಬಾವಿಗೆ ಇಂಟು ಹಾಕಿದರು. ಒಂದೂವರೆ ವರ್ಷದಲ್ಲಿ ಅಲ್ಲಿ ಕಾರ್ಖಾನೆ ಗೋಡೆ ಎದ್ದಿತು. ಮೊದಲೇ ಮಾರಿದವರು ಬಚಾವಾದರು, ತಡೆದವರು ಇವತ್ತಿಗೂ ಕಚೇರಿ ಮೆಟ್ಟಿಲಲ್ಲಿ ಕೂತಿದ್ದಾರೆ. ಅದಕ್ಕೇ ನಮ್ಮೂರಿನವರಿಗೆ ಸುಣ್ಣ ಬಿತ್ತೆಂದರೆ ಭೂಮಿ ಹೋಯಿತೆಂದೇ ಲೆಕ್ಕ.

ಮೂರನೇ ದಿನಕ್ಕೇ ದಲ್ಲಾಳಿ ಕಾಡಪ್ಪ ಬಂದ. ಇಂಟು ಮಾರ್ಕಿನ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ, ಕೂತಲ್ಲಿಂದಲೇ ತಲೆ ಆಡಿಸಿದ. “ಪಾಪ, ಎಂಥ ತೋಟ ಮುನಿಯಕ್ಕ. ಈಗ್ಲೇ ಆದ್ರೆ ಏನೋ ಒಂದು ಪಾರ್ಟಿ ನೋಡ್ತೀನಿ. ನೋಟೀಸ್ ಬಂದ್ಮೇಲೆ ನಾಯೀನೂ ಮೂಸಲ್ಲ” ಎಂದ. ನಾನು, “ಮೂಸೋಕೆ ನೀನು ಬಂದಿದ್ದೀಯಲ್ಲ, ಸಾಕು ಓಗು” ಎಂದೆ. ಹೋದ. ಆದರೆ ಮುನಿಯಣ್ಣ ಅವನ ಹಿಂದೆಯೇ ಹೋಗಿ ಗಾಡಿ ಹತ್ತಿಕೊಂಡ. ತೋಟ ನನ್ನ ಮತ್ತು ಅವನ ಇಬ್ಬರ ಹೆಸರಲ್ಲೂ ಇದೆ.

ಇದು ನನ್ನ ಗಂಡ ಕಂಬ ಹೊತ್ತು ನೆಟ್ಟ ತೋಟ. ದೇವರೇ ಬಂದು ಕೇಳಿದರೂ ಕೊಡುವುದಿಲ್ಲ. ನೀನು ಶನಿವಾರ ಬೆಳಿಗ್ಗೆ ಬಂದಿದ್ದೆಯಲ್ಲ, ದಾರಿಯಲ್ಲಿ ಜೀಪು ನೋಡಿದೆಯಾ? ಸುಣ್ಣದ ಚೀಲ ಹಿಡಿದ ಯಾರಾದರೂ ಕಂಡರಾ? ಊರೂರು ಓಡಾಡುವವನು ನೀನು. ಏನಾದರೂ ಗೊತ್ತಿದ್ದರೆ ಬರಿ.

ಮುನಿಯಕ್ಕ


(ಇದನ್ನು ಅಂಚೆಗೆ ಹಾಕಲಿಲ್ಲ. ಸಿ.)

ಕುಂದಲಹಳ್ಳಿ
11 ಫೆಬ್ರವರಿ 2017

ಅಕ್ಕ,

ಸುಣ್ಣದ ಚೀಲ ಹಿಡಿದವನು ನಾನು.

ಸೈಕಲ್ಲಿನವರು ಹೊಸ ದಾರಿಯಲ್ಲಿ ಹೋಗುವ ಮುಂಚಿನ ದಿನ ನಾನು ಮೋಟರ್‌ಬೈಕಿನಲ್ಲಿ ಹೋಗಿ ಗುರುತು ಹಾಕಿಬರಬೇಕು. ಅದು ನನ್ನ ಕೆಲಸ. ಬಾಣ ಎಂದರೆ ಹೀಗೆ ಹೋಗಿ. ನಂಬರು ಎಂದರೆ ಹೊರಟ ಜಾಗದಿಂದ ಎಷ್ಟು ಕಿಲೋಮೀಟರ್. ಇಂಟು ಎಂದರೆ ಈ ಕಡೆ ಹೋಗಬೇಡಿ. ಅಷ್ಟೇ. ನಿಮ್ಮ ತೋಟದ ಬಾಗಿಲು ದಾರಿಯ ತಿರುವಿನಲ್ಲೇ ಇದೆ. ವೇಗದಲ್ಲಿ ಬಂದವರು ಅದನ್ನೇ ದಾರಿ ಎಂದು ನೇರ ಒಳಗೆ ನುಗ್ಗುತ್ತಾರೆ. ನಾನು ನಿಮಗೆ ಮಾತು ಕೊಟ್ಟಿದ್ದೆ. ಅದಕ್ಕೇ ನೆಲದ ಮೇಲೆ ಹಾಕಿದರೆ ಸಾಲದೆಂದು, ಸುಣ್ಣವನ್ನು ನೀರಲ್ಲಿ ಕಲಸಿ ಕಂಬದ ಮೇಲೆ ಕೈಯಿಂದಲೇ ದೊಡ್ಡದಾಗಿ ಬಳಿದೆ. ದಾರಿಯಲ್ಲಿ ಎಲ್ಲೂ ಅಷ್ಟು ದೊಡ್ಡ ಇಂಟು ಹಾಕಿರಲಿಲ್ಲ. ನಿಮ್ಮದೊಂದಕ್ಕೇ.

ಯಾರೂ ನಿಮ್ಮ ತೋಟ ಕೇಳುವುದಿಲ್ಲ. ಕಾಡಪ್ಪನನ್ನು ಒಳಗೆ ಬಿಡಬೇಡಿ. ಈ ಕಾಗದವನ್ನು ಮುನಿಯಣ್ಣನವರಿಗೆ ತೋರಿಸಿ.

ಇದನ್ನು ಬರೆದು ಮಡಿಸುತ್ತಿದ್ದಾಗ ಬಸು, “ಏನ್ ಮಗಾ, ಲವ್ ಲೆಟ್ರಾ? ಯಾರೋ ಅದು, ಬ್ರೇಕ್ ಕೇಬಲ್ ಹಾಕ್ಸೋಕೆ ಬರ್ತಾಳಲ್ಲ, ಆ ಹುಡ್ಗಿನಾ?” ಎಂದು ಕಿತ್ತುಕೊಂಡು ಓದಿದ. ಓದಿ ನಗು ನಿಲ್ಲಿಸಿದ. ಅಂಗಡಿ ನಡೆಸುವ ಈಶಪ್ಪ ಸಾರ್ ಅವರಿಗೆ ಕೊಟ್ಟ.

ಈಶಪ್ಪ ಸಾರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನೋಡು ಸಿದ್ದು, ಫಾರೆಸ್ಟ್‌ನೋರು ಪರ್ಮಿಷನ್ ಇಲ್ದೆ ಕಾಡೊಳ್ಗೆ ಮಾರ್ಕ್ ಹಾಕಿದ್ದು ಯಾರು ಅಂತ ಹುಡುಕ್ತಾ ಇದಾರೆ. ಶಾಂಭವಿ ಮೇಡಂ ಏನ್ ಹೇಳಿದಾರೆ? ನಾವು ಅಂತ ಎಲ್ಲೂ ಬಾಯ್ ಬಿಡ್ಬಾರ್ದು. ನೀನು ಹೆಸ್ರು ಹಾಕಿ ಬರ್ದು ಕೊಡ್ತಾ ಇದೀಯಲ್ಲೋ. ಕೇಸ್ ಆದ್ರೆ ಮೇಡಂ ಮೇಲೆ ಆಗಲ್ಲ, ನಿನ್ ಮೇಲೆ ಆಗತ್ತೆ” ಎಂದರು. ಶಾಂಭವಿ ಮೇಡಂ ಎಂದರೆ ಈ ಸೈಕಲ್ಲಿನವರ ಗುಂಪನ್ನು ನಡೆಸುವವರು. ದಾವಣಗೆರೆಯವರು, ಇಲ್ಲಿ ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ. ನನಗೆ ಈ ಕೆಲಸ ಕೊಡಿಸಿದ್ದೂ ಅವರೇ. ಮಾತು ಬಾರದವನಿಗೆ ಬೇರೆ ಯಾರು ಕೊಡುತ್ತಾರೆ ಅಕ್ಕ?

ನಾಳೆ ಹಾಕುತ್ತೇನೆ.


ಕುಂದಲಹಳ್ಳಿ
13 ಫೆಬ್ರವರಿ 2017

ಮುನಿಯಕ್ಕನವರಿಗೆ ಸಿದ್ರಾಮನ ನಮಸ್ಕಾರ.

ನಿಮ್ಮ ಕಾಗದ ಓದಿ ಬೇಸರವಾಯಿತು. ಶನಿವಾರ ನಾನು ಜೀಪು ನೋಡಲಿಲ್ಲ. ಅಳತೆಯವರೂ ಕಾಣಲಿಲ್ಲ.

ನೀವು ಭಯಪಡಬೇಡಿ. ಅದು ಸರ್ಕಾರದ ಗುರುತು ಇರಲಿಕ್ಕಿಲ್ಲ. ದಾರಿಯ ಮೇಲಿನದು ಬರೀ ಸುಣ್ಣವಲ್ಲ, ಅರ್ಧಕ್ಕರ್ಧ ರಂಗೋಲಿ ಪುಡಿ ಬೆರೆಸಿದ್ದು. ಎರಡು ಮಳೆಗೆ ಹೊರಟುಹೋಗುತ್ತದೆ. ಅವಸರಪಟ್ಟು ಮಾರಬೇಡಿ ಎಂದು ನನ್ನ ಕೋರಿಕೆ.

ಗಾಲಿ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ್ದೇನೆ. ಬೇರೆ ಯಾರೂ ಮುಟ್ಟದಂತೆ ನಿಮ್ಮ ಹೆಸರು ಬರೆದು ಚೀಟಿ ಕಟ್ಟಿದ್ದೇನೆ.

ನಿಮ್ಮ
ಸಿದ್ರಾಮ


ಚಿಕ್ಕಗುಡ್ಡೇನಹಳ್ಳಿ
12 ಮಾರ್ಚ್ 2017

ಸಿದ್ರಾಮನಿಗೆ ಮುನಿಯಕ್ಕನ ಆಶೀರ್ವಾದ.

ಮಳೆ ಬಂತು. ದಾರಿಯ ಮೇಲಿನ ಬಾಣ, ನಂಬರು ಎಲ್ಲ ತೊಳೆದುಹೋದವು. ಅಳಿಯುವ ಮುಂಚೆ ಉಳಿದದ್ದನ್ನು ಬೆರಳಲ್ಲಿ ಉಜ್ಜಿ ನೋಡಿದೆ. ನೀನು ಬರೆದಂತೆಯೇ ಇತ್ತು, ರಂಗೋಲಿ ಪುಡಿಯ ತರಿ ಸಿಕ್ಕಿತು. ಕಂಬದ ಮೇಲಿನದು ಮಾತ್ರ ಹೋಗಲಿಲ್ಲ. ಮೇಲೆ ತಗಡಿನ ಸೂರು ಇದೆ, ನೀರು ಬೀಳುವುದಿಲ್ಲ. ನಾನೇ ಕೆರೆದು ಹಾಕೋಣವೆಂದು ಹೋದೆ. ಮುನಿಯಣ್ಣ ಕೈ ಹಿಡಿದ. “ಸರ್ಕಾರದ ಗುರ್ತು ಅಳ್ಸುದ್ರೆ ಜೈಲಿಗಾಕ್ತಾರೆ ಅತ್ತಿಗೆ, ನಿಂಗೇನು ಬುದ್ಧಿ ಇಲ್ವಾ?” ಎಂದ. ಅವನ ಮೊಬೈಲಿನಲ್ಲಿ ಎಲ್ಲ ಬಾಣದ ಫೋಟೋ ಇದೆ. ಊರಲ್ಲಿ ಕೂತು ಒಬ್ಬೊಬ್ಬರಿಗೂ ತೋರಿಸುತ್ತಾನೆ.

ತಾಲ್ಲೂಕು ಕಚೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತ ಕಡತ ನೋಡಿ, “ಇನ್ನೂ ಏನೂ ಬಂದಿಲ್ಲಮ್ಮ” ಎಂದ. ನಾನು ‘ಏನೂ ಬಂದಿಲ್ಲ’ ಎಂಬುದನ್ನು ಹಿಡಿದುಕೊಂಡು ಮನೆಗೆ ಬಂದೆ. ನನ್ನ ಜೊತೆ ಬಂದಿದ್ದ ಮುನಿಯಣ್ಣ ‘ಇನ್ನೂ’ ಎಂಬುದನ್ನು ಹಿಡಿದುಕೊಂಡು ಬಂದ. ಊರು ಅವನ ಮಾತನ್ನೇ ನಂಬಿತು. ದಾರಿಯ ಆಚೆ ಬದಿಯ ಇಬ್ಬರು ಕಾಡಪ್ಪನಿಗೆ ಕರಾರು ಬರೆದುಕೊಟ್ಟಾಗಿದೆ.

ಈ ಸಲ ಬಳ್ಳಿಗೆ ಗೊಬ್ಬರ ಹಾಕಿಲ್ಲ. ಯಾರದೋ ಆಗುವ ಬಳ್ಳಿಗೆ ಯಾಕೆ ಎಂದು ಮುನಿಯಣ್ಣ ಗೊಬ್ಬರದ ಗಾಡಿಯನ್ನು ವಾಪಸು ಕಳಿಸಿದ. ಚಪ್ಪರದ ಕೆಳಗೆ ಎಲೆ ಹಳದಿ ಬಿದ್ದಿದೆ.

ಈಗ ನಾನು ಕೇಳುವುದನ್ನು ಸರಿಯಾಗಿ ಓದು. ಅವಸರಪಡಬೇಡಿ ಎಂದು ಬರೆದಿದ್ದೀಯ. ಯಾಕೆ ಎಂದು ಬರೆದಿಲ್ಲ. ಸುಮ್ಮನೆ ಧೈರ್ಯಕ್ಕೆ ಹೇಳಿದೆಯೋ, ಅಥವಾ ನಿನಗೆ ಏನಾದರೂ ಗೊತ್ತೋ? ಗೊತ್ತಿದ್ದರೆ ಬಿಚ್ಚಿ ಬರಿ. ನಾನು ಯಾರ ಮೇಲೂ ಸಿಟ್ಟು ಮಾಡುವವಳಲ್ಲ. ಯುಗಾದಿಗೆ ಹದಿನೇಳು ದಿನ ಇದೆ. ಹಬ್ಬದೊಳಗೆ ಬರಿ.

ಮುನಿಯಕ್ಕ


ಕುಂದಲಹಳ್ಳಿ
30 ಏಪ್ರಿಲ್ 2017

ಮುನಿಯಕ್ಕನವರಿಗೆ,

ತಡವಾಯಿತು. ಹಬ್ಬಕ್ಕೆ ಊರಿಗೆ ಹೋಗಿದ್ದೆ, ಅವ್ವನಿಗೆ ಹುಷಾರಿರಲಿಲ್ಲ ಎಂದು ಬರೆಯೋಣವೆಂದು ಕೂತಿದ್ದೆ. ಅದು ಸುಳ್ಳು. ನಾನು ಇಲ್ಲೇ ಇದ್ದೆ. ನಿಮ್ಮ ಕಾಗದ ದಿಂಬಿನ ಕೆಳಗಿತ್ತು. ಅರಣ್ಯದವರು ಬರುತ್ತಾರೆ ಎಂದು ದಿನವೂ ಅಂಗಡಿಯ ಬಾಗಿಲು ನೋಡುತ್ತಿದ್ದೆ. ಯಾರೂ ಬರಲಿಲ್ಲ. ಒಂದು ಫೋನು ಕೂಡ ಬರಲಿಲ್ಲವಂತೆ.

ಇದರ ಜೊತೆ ಫೆಬ್ರವರಿ ಹನ್ನೊಂದರಂದು ಬರೆದ ಕಾಗದ ಇಟ್ಟಿದ್ದೇನೆ. ಅವತ್ತು ಹಾಕಬೇಕಿತ್ತು. ಅದನ್ನು ಓದಿದರೆ ನಿಮಗೆ ಎಲ್ಲ ತಿಳಿಯುತ್ತದೆ. ಆ ಗುರುತು ನನ್ನದು.

ನಿನ್ನೆ ಅಂಗಡಿಯಲ್ಲಿ ಒಬ್ಬರ ಮೊಬೈಲಿನಲ್ಲಿ ನಿಮ್ಮ ಕಲ್ಲುಕಂಬದ ಫೋಟೋ ನೋಡಿದೆ. ಇಂಟು ಹಾಗೇ ಇತ್ತು. ಬಾಗಿಲಿಗೆ ಹೊಸ ಬೀಗ ಇತ್ತು. ಯಾರ ಮೊಬೈಲು ಎಂಬುದು ಈಗ ಬೇಡ. ಆ ಬೀಗ ನಿಮ್ಮದೇ ಇರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೇನೆ.

ಇನ್ನೂ ಮಾರಿರದಿದ್ದರೆ ಒಂದು ಸಾಲು ಬರೆಯಿರಿ. ನಾನೇ ಬಂದು ಊರವರ ಮುಂದೆ ನಿಲ್ಲುತ್ತೇನೆ. ಮಾತು ಬಾರದಿದ್ದರೆ ಸುಣ್ಣ ಕಲಸಿ ಇನ್ನೊಂದು ಇಂಟು ಹಾಕಿ ತೋರಿಸುತ್ತೇನೆ.

ಸಿದ್ರಾಮ


ಲಗ್ಗೆರೆ
11 ಜೂನ್ 2017

ಸಿದ್ರಾಮನಿಗೆ,

ನಿನ್ನ ಕಾಗದ ಚಿಕ್ಕಗುಡ್ಡೇನಹಳ್ಳಿಗೆ ಹೋಗಿ, ಅಲ್ಲಿನ ಅಂಚೆಯವನು ವಿಳಾಸ ತಿದ್ದಿ, ಇಲ್ಲಿಗೆ ಬರುವಷ್ಟರಲ್ಲಿ ಒಂದು ತಿಂಗಳಾಯಿತು. ನಾನೀಗ ಲಗ್ಗೆರೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೂರನೇ ಮಹಡಿಯಲ್ಲಿ ಒಂದೇ ರೂಮು. ಸುಮ್ಮನೆ ಕೂರಲಾಗದೆ ಪೀಣ್ಯದ ಒಂದು ಕಾರ್ಖಾನೆಯ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಲು ಹೋಗುತ್ತೇನೆ. ದ್ರಾಕ್ಷಿ ಬಳ್ಳಿ ಸವರುತ್ತಿದ್ದ ಕತ್ತರಿ ತಂದಿದ್ದೆ. ಅಲ್ಲಿನ ಯಜಮಾನಿ ಅದರಲ್ಲಿ ಹಾಲಿನ ಪ್ಯಾಕೆಟ್ಟು ಕತ್ತರಿಸುತ್ತಾಳೆ.

ನಿನ್ನ ಎರಡೂ ಕಾಗದ ಓದಿದೆ. ಹೊಸದೇನೂ ಇರಲಿಲ್ಲ.

ನನಗೆ ಗೊತ್ತಿತ್ತು ಕಣಪ್ಪ. ರಂಗೋಲಿ ಪುಡಿ ಬೆರೆಸಿದ್ದು ಎಂದು ನೀನು ಬರೆದೆಯಲ್ಲ, ಅವತ್ತೇ ಗೊತ್ತಾಯಿತು. ನಾನು ನಿನಗೆ ಸುಣ್ಣ ಎಂದು ಮಾತ್ರ ಬರೆದಿದ್ದೆ. ಆಮೇಲೆ ನಿನ್ನ ಮೊದಲನೆಯ ಕಾಗದ ತೆಗೆದು ಓದಿದೆ. ‘ಏರ್ಪಾಡು ಮಾಡಿಯೇ ಹೋದೆ’ ಎಂದಿತ್ತು. ಕಂಬದ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದೆ. ಇಂಟಿನ ಎರಡೂ ಗೆರೆಯಲ್ಲಿ ನಾಲ್ಕು ನಾಲ್ಕು ಬೆರಳಿನ ಗುರುತು. ಅಳತೆಯವರು ಕುಂಚ ತರುತ್ತಾರೆ, ಕೈಯಿಂದ ಬಳಿಯುವುದಿಲ್ಲ. ತೋಟ ಉಳಿಸಬೇಕೆಂದು ಬಳಿದ ಕೈ ಅದು ಎಂದು ಅವತ್ತು ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುವುದಿಲ್ಲ, ಬಂತು.

ಮುನಿಯಣ್ಣನಿಗೆ ಹೇಳಿದೆ. ಊರ ಹಿರಿಯರಿಗೆ ಹೇಳಿದೆ. “ಇದು ಸೈಕಲ್ಲು ಹುಡುಗ ಹಾಕಿದ್ದು ಕಣ್ರಪ್ಪ” ಎಂದೆ. ನಕ್ಕರು. “ಯಾವ ಸೈಕಲ್ಲು? ನಾವ್ಯಾರೂ ಒಂದೂ ನೋಡ್ಲಿಲ್ವಲ್ಲ” ಎಂದರು. ನಿಜ, ಆ ಭಾನುವಾರ ಒಂದೂ ಬರಲಿಲ್ಲವಲ್ಲ. ಮುನಿಯಣ್ಣ, “ಅತ್ತಿಗೇಗೆ ಕಿವಿ ಕೇಳಲ್ಲ, ಅವ್ನಿಗೆ ಬಾಯಿ ಬರಲ್ಲ. ಅವ್ನು ಏನೇಳಿದ್ನೋ, ಇವ್ಳಿಗೇನು ಕೇಳ್ತೋ” ಎಂದ. ಅದಕ್ಕೂ ನಕ್ಕರು. ಕಡೆಗೆ ಹಿರಿಯರೊಬ್ಬರು, “ಅವನೇ ಹಾಕಿದ್ದು ಅಂತ ಹೆಸ್ರು ಹಾಕಿ ಬರ್ದು ಕೊಡ್ಲಿ, ನಂಬ್ತೀವಿ” ಎಂದರು. ಯುಗಾದಿಯವರೆಗೆ ಮುನಿಯಣ್ಣ ಸಹಿ ಹಾಕಬಾರದು, ಅಷ್ಟರಲ್ಲಿ ನಿನ್ನ ಕಾಗದ ಬಾರದಿದ್ದರೆ ನಾನೂ ಸಹಿ ಹಾಕಬೇಕು ಎಂದು ತೀರ್ಮಾನ ಮಾಡಿಕೊಟ್ಟರು. ಮಾರ್ಚಿನಲ್ಲಿ ನಾನು ನಿನಗೆ ಬರೆದದ್ದು ಆ ತೀರ್ಮಾನ ಆದ ಮರುದಿನ.

ಬಿಚ್ಚಿ ಹೇಳಬೇಕಿತ್ತೇನೋ. ಕಾಗದ ಕಳಿಸದಿದ್ದರೆ ತೋಟ ಹೋಗುತ್ತದೆ ಎಂದು ಬರೆದಿದ್ದರೆ ನೀನು ಹೆದರಿಯಾದರೂ ಬರೆಯುತ್ತಿದ್ದೆ. ನಾನು ಹೆದರಿಸಲಿಲ್ಲ. ನೀನಾಗಿಯೇ ಹೇಳಲಿ ಎಂದುಕೊಂಡೆ. ಅದು ನನ್ನ ದೊಡ್ಡಸ್ತಿಕೆ. ಅದಕ್ಕೆ ನನ್ನದೂ ತಪ್ಪಿದೆ.

ಹದಿನೇಳು ದಿನವೂ ಆ ಇಂಟಿನ ಕೆಳಗೇ ಕೂತು ಅಂಚೆಯವನ ದಾರಿ ನೋಡಿದೆ. “ಏನ್ ಮುನಿಯಕ್ಕ, ಮಿಲ್ಟ್ರೀಲಿ ಯಾರವ್ರೆ ನಿಂಗೆ?” ಎಂದು ಅವನೂ ಆಡಿಕೊಂಡ. ಒಂದೇ ಒಂದು ಸಾಲು ಸಾಕಿತ್ತು. ‘ಆ ಗುರುತು ಹಾಕಿದ್ದು ನಾನು’, ಕೆಳಗೆ ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಊರು. ನೀನು ನಾಲ್ಕನೆಯ ತರಗತಿ ಓದಿದ್ದೀಯ. ಅದಕ್ಕೆ ಅಷ್ಟು ಓದು ಸಾಕು.

ಯುಗಾದಿ ಕಳೆದು, ಹೊಸತೊಡಕಿನ ಬಾಡೂಟವಾದ ಮರುದಿನ ಸಹಿ ಹಾಕಿದೆ. ಹಿಂದಿನ ರಾತ್ರಿಯ ಬಾಡಿನ ಸಾರಿನ ವಾಸನೆ ಮುನಿಯಣ್ಣನ ಮೀಸೆಯಿಂದ ಇನ್ನೂ ಬರುತ್ತಿತ್ತು. ಕೊಂಡವರು ಯಾರೋ ಹೆಂಗಸಂತೆ, ಬ್ರೂಕ್‌ಫೀಲ್ಡಿನವರಂತೆ. ಒಕ್ಕಲುತನದ ಮನೆಯವರು, ಅವರ ಹೆಸರಲ್ಲಿ ಪಹಣಿ ಇದೆ, ಕೊಳ್ಳಲು ಅಡ್ಡಿಯಿಲ್ಲ ಎಂದು ಕಾಡಪ್ಪ ಹೇಳಿದ. ಸೈಕಲ್ಲು ಹೊಡೆಯುತ್ತಾರಂತೆ. ಯಾರ ಮೊಬೈಲು ಎಂಬುದು ಈಗ ಬೇಡ ಎಂದು ಬರೆದಿದ್ದೀಯಲ್ಲ, ಯಾಕೆ ಬೇಡ ಸಿದ್ರಾಮ? ತಪ್ಪು ಒಪ್ಪಿಕೊಳ್ಳುವ ಕಾಗದದಲ್ಲೂ ಅರ್ಧ ಮುಚ್ಚಿಡುತ್ತೀಯಾ?

ಗಾಲಿ ನೀನೇ ಇಟ್ಟುಕೋ. ಸೈಕಲ್ಲು ಅಲ್ಲೇ ಪಂಪಿನ ಮನೆಗೆ ಒರಗಿಕೊಂಡು ಉಳಿಯಿತು. ಒಂದು ಗಾಲಿಯ ಸೈಕಲ್ಲನ್ನು ಯಾರು ಹೊತ್ತು ತರುತ್ತಾರೆ?

ಇನ್ನು ಬರೆಯಬೇಡ.

ಮುನಿಯಕ್ಕ


ಕುಂದಲಹಳ್ಳಿ
21 ಜನವರಿ 2018, ಭಾನುವಾರ

ಮುನಿಯಕ್ಕನವರಿಗೆ,

ಬರೆಯಬೇಡ ಎಂದಿದ್ದಿರಿ. ಏಳು ತಿಂಗಳು ಬರೆಯಲಿಲ್ಲ. ಇದನ್ನು ಮಾತ್ರ ಬರೆಯುತ್ತೇನೆ, ಮತ್ತೆ ಬರೆಯುವುದಿಲ್ಲ. ನೀವು ಓದದೆ ಹರಿದರೂ ಸರಿ.

ತೋಟ ಕೊಂಡವರು ಶಾಂಭವಿ ಮೇಡಂ. ನನಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು, ಗೊತ್ತಿದ್ದೂ ‘ಇನ್ನೂ ಮಾರಿರದಿದ್ದರೆ’ ಎಂದು ನಿಮಗೆ ಬರೆದೆ. ಅಂಗಡಿಗೆ ಬಂದು ಫೋಟೋ ತೋರಿಸಿ, “ಸಿದ್ದು, ನಾವು ಹೋಗ್ಬೇಕಿದ್ದ ರೂಟ್ ಇತ್ತಲ್ಲ, ಅಲ್ಲೇ ಸಿಕ್ತು ನೋಡು! ಎಷ್ಟು ಸಲೀಸಾಗಿ ಸಿಕ್ತು ಗೊತ್ತಾ? ಈ ಕಂಬದ ಮೇಲೆ ನಿನ್ನ ಮಾರ್ಕ್ ಹಾಗೇ ಇದೆ, ನಾನು ಅಳ್ಸಲ್ಲಪ್ಪ, ಚೆನ್ನಾಗಿದೆ” ಎಂದರು. ಆ ಮಾರ್ಕಿನಿಂದಲೇ ಸಲೀಸಾಗಿ ಸಿಕ್ಕಿತು ಎಂದು ಹೇಳಲು ಬಾಯಿ ತೆರೆದೆ. “ಮೇ... ಮೇ...” ಎಂಬಲ್ಲೇ ನಿಂತಿತು. ಅವರು ಒಳ್ಳೆಯವರು, ನಗಲಿಲ್ಲ. “ಪರ್ವಾಗಿಲ್ಲ, ನಿಧಾನವಾಗಿ ಹೇಳು” ಎಂದು ಕಾದರು. ಅವರ ಫೋನು ಬಂತು. ಮಾತಾಡುತ್ತ ಹೊರಗೆ ಹೋದರು. ನಾನು ಆ ಫೋನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಇದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಇವತ್ತು ಆ ದಾರಿಯಲ್ಲಿ ಸೈಕಲ್ಲು ಓಡಿದವು. ಈ ಸಲ ಕಾಡು ಬಿಟ್ಟು ಗುಡ್ಡದ ಬುಡ ಬಳಸಿಕೊಂಡು ದಾರಿ ಮಾಡಿದ್ದರು, ಅನುಮತಿ ಬೇಕಿರಲಿಲ್ಲ. ನಿನ್ನೆ ಗುರುತು ಹಾಕಲು ಹೋಗುವ ಮುಂಚೆ ಮೇಡಂ, “ತೋಟದ ಹತ್ರ ಇಂಟು ತೆಗ್ದು ಬಾಣ ಹಾಕು ಸಿದ್ದು, ಒಳಗಡೆಗೆ. ಎಲ್ರಿಗೂ ತಿಂಡಿ ಅಲ್ಲೇ” ಎಂದರು.

ನಿಮ್ಮ ಗಾಲಿಯನ್ನೂ ಬೈಕಿಗೆ ಕಟ್ಟಿಕೊಂಡು ಹೋದೆ. ತೋಟದಲ್ಲಿ ಈಗ ಎರಡು ಸಾಲು ಬಳ್ಳಿ ಇದೆ, ಅದರ ನೆರಳಿಗೆ ಬೆಂಚು ಹಾಕಿದ್ದಾರೆ. ಉಳಿದದ್ದಕ್ಕೆ ಜಲ್ಲಿ ಸುರಿದು ಸೈಕಲ್ಲು ನಿಲ್ಲಿಸುವ ಜಾಗ ಮಾಡಿದ್ದಾರೆ. ಕಿತ್ತ ಬೇರುಗಳನ್ನು ಬೇಲಿಯ ಪಕ್ಕ ಒಟ್ಟಿದ್ದಾರೆ, ಸೌದೆ ಮಾಡಲೂ ಯಾರೂ ಒಯ್ದಿಲ್ಲ. ನಿಮ್ಮ ಸೈಕಲ್ಲಿಗೆ ಹಳದಿ ಬಣ್ಣ ಬಳಿದು, ಹಣ್ಣಿನ ಪೆಟ್ಟಿಗೆ ಕಟ್ಟುತ್ತಿದ್ದ ಹಿಂದಿನ ಕ್ಯಾರಿಯರ್ ಮೇಲೆ ಹೂವಿನ ಕುಂಡ ಇಟ್ಟಿದ್ದಾರೆ. ನಾನು ಕುಂಡ ಇಳಿಸಿ ಗಾಲಿ ಕೂಡಿಸಿದೆ. ಎತ್ತಿ ಹಿಡಿದು ತಿರುಗಿಸಿದೆ. ಎಲ್ಲೂ ಓಲಾಡಲಿಲ್ಲ.

ಇವತ್ತು ಮೇಡಂ ಅದನ್ನು ನೋಡಿ, “ಅಯ್ಯೋ, ಒಂದು ಗಾಲಿ ಇಲ್ದೇ ಇದ್ದಾಗ್ಲೇ ಚೆನ್ನಾಗಿತ್ತಲ್ಲೋ” ಎಂದರು. ಬಸು, “ಬಿಚ್ಬಿಡು ಮಗಾ” ಎಂದ. ಬಿಚ್ಚಿದೆ. ಈಗ ಅದು ಮತ್ತೆ ನನ್ನ ರೂಮಿನಲ್ಲಿದೆ.

ಕಂಬದ ವಿಷಯ. ನಿನ್ನೆ ಅದರ ಮುಂದೆ ಬಹಳ ಹೊತ್ತು ನಿಂತೆ. ಅಳಿಸದೆ ಹೋಗಬಹುದಿತ್ತು. ಇಂಟು ಇದ್ದರೆ ನಮ್ಮವರು ಯಾರೂ ಒಳಗೆ ತಿರುಗುವುದಿಲ್ಲ, ಆ ಗುರುತಿಗೆ ಅಷ್ಟು ಬೆಲೆ ಕೊಡುತ್ತಾರೆ. ಹಾಗೆ ಬಿಟ್ಟು ಹೋದೆ ಎಂದು ನಿಮಗೆ ಬರೆಯಲು ಬಹಳ ಆಸೆಯಾಗುತ್ತಿದೆ. ಆದರೆ ಬಿಡಲಿಲ್ಲ. ಗೋಣಿಚೀಲ ಒದ್ದೆ ಮಾಡಿ ಉಜ್ಜಿದೆ. ಒಂದು ವರ್ಷ ಮಳೆ ಬಿಸಿಲು ತಾಗದ ಸುಣ್ಣ, ಬೇಗ ಹೋಗಲಿಲ್ಲ. ಕಡೆಗೆ ಕಲ್ಲಿನಿಂದ ಕೆರೆದೆ. ಆಮೇಲೆ ಹೊಸ ಸುಣ್ಣ ಕಲಸಿ, ಕುಂಚ ತಂದಿದ್ದರೂ ಕೈಯಿಂದಲೇ, ಒಳಕ್ಕೆ ಬಾಣ ಬಳಿದೆ. ಇವತ್ತು ಬೆಳಿಗ್ಗೆ ಮೂವತ್ತೊಂದು ಸೈಕಲ್ಲು ಬಂದವು. ಅರವತ್ತೆರಡು ಗಾಲಿಯೂ ನಿಮ್ಮ ತೋಟದೊಳಕ್ಕೆ ಹೋದವು. ಒಬ್ಬರೂ ದಾರಿ ತಪ್ಪಲಿಲ್ಲ.

ನೀವು ಕೇಳಿದ್ದ ಸಾಲನ್ನು ಇಲ್ಲಿ ಬರೆದಿದ್ದೇನೆ. ಈಗ ತೋರಿಸಲು ಊರೂ ಇಲ್ಲ, ಉಳಿಸಲು ತೋಟವೂ ಇಲ್ಲ. ಆದರೂ ಈ ಸಲ ತಡಮಾಡದೆ ಬರೆದಿದ್ದೇನೆ. ಕೆಳಗೆ ಹೋಗಿ ಡಬ್ಬಿಗೆ ಹಾಕಿಯೇ ಮಲಗುತ್ತೇನೆ.

ಚಿಕ್ಕಗುಡ್ಡೇನಹಳ್ಳಿಯ ಮುನಿಯಕ್ಕನವರ ತೋಟದ ಕಲ್ಲುಕಂಬದ ಮೇಲೆ 21 ಜನವರಿ 2017ರಂದು ಇಂಟು ಗುರುತು ಹಾಕಿದ್ದು ನಾನು. 20 ಜನವರಿ 2018ರಂದು ಅದನ್ನು ಅಳಿಸಿ ಒಳಕ್ಕೆ ಬಾಣ ಹಾಕಿದ್ದೂ ನಾನೇ.

ಸಿದ್ರಾಮ
ತಂದೆ ಮಡಿವಾಳಪ್ಪ
ಇಂಡಿ ತಾಲ್ಲೂಕು